ಟ್ರಿಪ್ ಆದ್ರೆ ಸಾಕಾ?

ಅರ್ಥಿಂಗ್ ಯಾಕೆ ಬೇಕು ಅಂತ ವೈವಾದಲ್ಲಿ ಕೇಳಿದರೆ ನಮ್ಮೆಲ್ಲರ ಬಾಯಲ್ಲೂ ಒಂದೇ ಉತ್ತರ: ಶಾಕ್ ಹೊಡೆಯಬಾರದು, ಫಾಲ್ಟ್ ಆದ್ರೆ ಬ್ರೇಕರ್ ಟ್ರಿಪ್ ಆಗಬೇಕು. ಹಾಸ್ಟೆಲ್ ಗೀಸರ್‌ಗೆ ಇಷ್ಟು ಸಾಕು. ಪೆಟ್ರೋಲ್ ಆವಿಯೋ ಹೈಡ್ರೋಜನ್ನೋ ಇರಬಹುದಾದ ಜಾಗಕ್ಕೆ ಇದು ಅರ್ಧ ಉತ್ತರ. ಉಳಿದರ್ಧ ನಮ್ಮ ಕ್ಲಾಸಲ್ಲಿ ಬರೋದೇ ಇಲ್ಲ ಅನ್ನೋದು ನಮ್ಮ ತಕರಾರು.

ಒಂದು ಲೆಕ್ಕ ಹಾಕೋಣ. ಕೇಬಲ್ಲಿನ ಲೋಹದ ಕವಚ ಜಂಕ್ಷನ್ ಬಾಕ್ಸಿಗೆ ಸೇರುವಲ್ಲಿ ನಟ್ ಸಡಿಲವಾಗಿದೆ, ಆ ಜಾಯಿಂಟಿನ ರೆಸಿಸ್ಟೆನ್ಸ್ 0.01 ಓಮ್ ಅಂದುಕೊಳ್ಳಿ. 1000 ಆಂಪಿಯರ್ ಫಾಲ್ಟ್ ಕರೆಂಟ್ ಹರಿಯಿತು, 0.1 ಸೆಕೆಂಡಿಗೆ ಬ್ರೇಕರ್ ಟ್ರಿಪ್ ಆಯ್ತು. ಐ ಸ್ಕ್ವೇರ್ ಆರ್ ಟಿ ಹಾಕಿದರೆ ಆ ಜಾಯಿಂಟಿನಲ್ಲಿ 1000 ಜೂಲ್. ಹೈಡ್ರೋಜನ್ ಗಾಳಿಯೊಂದಿಗೆ ಬೆರೆತಿದ್ದರೆ ಅದನ್ನು ಹೊತ್ತಿಸೋಕೆ ಸುಮಾರು 0.02 ಮಿಲಿಜೂಲಿನ ಕಿಡಿ ಸಾಕು. ಸಾವಿರ ಜೂಲೂ ಕಿಡಿಯಾಗಲ್ಲ, ಬಹುಪಾಲು ಬಿಸಿಯಾಗಿ ಹೋಗುತ್ತೆ, ಒಪ್ಪಿದೆವು. ಆದ್ರೆ ಐದು ಕೋಟಿಯಲ್ಲಿ ಒಂದು ಪಾಲು ಕಿಡಿಯಾದರೂ ಮುಗೀತಲ್ಲ! ಬ್ರೇಕರ್ ತನ್ನ ಕೆಲಸವನ್ನು ಸರಿಯಾಗೇ ಮಾಡಿದೆ. ಪಕ್ಕದಲ್ಲಿ ವಾಲ್ವ್ ತಿರುಗಿಸುತ್ತಿದ್ದವನಿಗೆ ಅದರಿಂದ ಏನೂ ಉಪಯೋಗವಾಗಿಲ್ಲ.

ಅಂದರೆ ಇಂಥ ಜಾಗದಲ್ಲಿ ಅರ್ಥ್ ದಾರಿ ಕರೆಂಟನ್ನು ಹೊತ್ತೊಯ್ದರೆ ಸಾಲದು, ಹೊತ್ತೊಯ್ಯುವಾಗ ತಾನೇ ಕಿಡಿ ಹಾರಿಸಬಾರದು. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡಿನ 501.30 ಇದನ್ನೇ ಹಿಡಿಯುತ್ತದೆ: ಬರೀ ಲಾಕ್‌ನಟ್ಟಿನ ಸಂಪರ್ಕವನ್ನು, ಅದು ಎರಡು ಲಾಕ್‌ನಟ್ ಇದ್ದರೂ, ಬಾಂಡಿಂಗ್‌ಗೆ ನಂಬುವ ಹಾಗಿಲ್ಲ, ಬಾಂಡಿಂಗ್ ಜಂಪರ್ ಅಥವಾ ಅದಕ್ಕೆಂದೇ ಮಾಡಿದ ಫಿಟ್ಟಿಂಗ್ ಬೇಕು. ಅಪಾಯದ ಜಾಗದ ಗಡಿ ದಾಟಿದ ಕೂಡಲೇ ಈ ನಿಯಮ ನಿಲ್ಲೋದೂ ಇಲ್ಲ, ಸರ್ವೀಸ್ ಗ್ರೌಂಡ್ ಆಗಿರುವ ಜಾಗದವರೆಗೂ ಹೋಗುತ್ತದೆ. ನಮಗೆ ತುಂಬಾ ಹಿಡಿಸಿದ್ದು ಇದೇ. ದೂರದ ಪ್ಯಾನೆಲ್ ರೂಮಿನಲ್ಲಿ ಒಂದು ಜಾಯಿಂಟ್ ಕೆಟ್ಟಿದ್ದರೂ ಫಾಲ್ಟ್ ಹೊತ್ತಿನಲ್ಲಿ ವೋಲ್ಟೇಜ್ ಏರುವುದು ಗ್ಯಾಸ್ ಇರುವ ಕಡೆಯ ಬಾಕ್ಸಿನ ಮೈಮೇಲೆ ತಾನೇ?

ಅದೇ ಕೋಡು ಕ್ಲಾಸ್ 1, ಡಿವಿಷನ್ 1 ಜಾಗಗಳಿಗೆ ಎಂಸಿ-ಎಚ್‌ಎಲ್ ಅನ್ನೋ ಮೆಟಲ್-ಕ್ಲ್ಯಾಡ್ ಕೇಬಲ್ಲನ್ನು ಷರತ್ತಿನ ಮೇಲೆ ಬಿಡುತ್ತದೆ. ಸುತ್ತ ಗ್ಯಾಸ್ ನುಸುಳದ, ಎಲ್ಲೂ ತುಂಡಾಗದ ಲೋಹದ ಕವಚ. ಅಷ್ಟಿದ್ದರೂ ಒಳಗೆ ಬೇರೆಯೇ ಗ್ರೌಂಡ್ ವೈರ್ ಬೇಕೇ ಬೇಕು.

ನಮ್ಮ ದೇಶದಲ್ಲಿ ಕಾಣೋದು ಸ್ಟೀಲ್ ಆರ್ಮರ್ಡ್ ಕೇಬಲ್ ಮತ್ತು ಗ್ಲ್ಯಾಂಡ್. ಡಿವಿಷನ್ ಬದಲು ಝೋನ್ ಲೆಕ್ಕ. ಭೌತಶಾಸ್ತ್ರ ಅದೇ. ಫ್ಲೇಮ್‌ಪ್ರೂಫ್ ಗ್ಲ್ಯಾಂಡ್ ಎಷ್ಟೇ ದುಬಾರಿಯದಿರಲಿ, ಅರ್ಥ್ ಟ್ಯಾಗ್ ಕೆಳಗೆ ಪೇಂಟ್ ಉಳಿದಿದ್ದರೆ ಆ ಟ್ಯಾಗ್ ಬರೀ ಅಲಂಕಾರ. ‘ಎರಡು ಪ್ರತ್ಯೇಕ ಅರ್ಥ್ ಕನೆಕ್ಷನ್’ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಳ್ತೀವಿ, ಆ ಕನೆಕ್ಷನ್ ಯಾವ ಬೋಲ್ಟಿನ ಕೆಳಗೆ ಕೂರುತ್ತೆ ಅಂತ ಮಾತ್ರ ನೋಡಿರಲ್ಲ.

‘ಗ್ಲ್ಯಾಂಡಿಂಗ್ ಟೆಕ್ನೀಶಿಯನ್ ಕೆಲಸ, ನಾವು ಡಿಸೈನ್ ಮಾಡೋರು’ ಅನ್ನುವ ಗೆಳೆಯರಿದ್ದಾರೆ. ಸರಿ. ಬೆಂಗಳೂರಿನ ಆಫೀಸಲ್ಲಿ ಕೂತು ಟೆಕ್ಸಾಸಿನ ರಿಫೈನರಿಗೆ ಡ್ರಾಯಿಂಗ್ ಮಾಡುವ ಕೆಲಸ ನಮ್ಮಲ್ಲಿ ಕೆಲವರಿಗಾದರೂ ಸಿಗಬಹುದು. ಅಲ್ಲಿ ‘ಅರ್ಥಿಂಗ್ ಆಸ್ ಪರ್ ಕೋಡ್’ ಅಂತ ಒಂದು ಸಾಲು ಬರೆದು ಕೈತೊಳೆದುಕೊಂಡರೆ, ಟೆಕ್ನೀಶಿಯನ್ ತಾನೇ ಏನು ಮಾಡಬೇಕು?

ಹಾಗಾಗಿ ನಮ್ಮ ಬೇಡಿಕೆ ಚಿಕ್ಕದು. ಮೆಷರ್‌ಮೆಂಟ್ ಲ್ಯಾಬಿನಲ್ಲಿ ಒಂದು ಮಧ್ಯಾಹ್ನ ಕೊಡಿ. ಒಂದು ಮೀಟರ್ ಆರ್ಮರ್ಡ್ ಕೇಬಲ್, ಎರಡು ಗ್ಲ್ಯಾಂಡ್, ಪೇಂಟ್ ಹೊಡೆದ ಒಂದು ಹಳೇ ಬಾಕ್ಸ್ ಸಾಕು. ಪೇಂಟ್ ಕೆರೆಯದೆ ಒಮ್ಮೆ, ಕೆರೆದು ಒಮ್ಮೆ ಗ್ಲ್ಯಾಂಡ್ ಬಿಗಿದು ಕವಚದಿಂದ ಬಾಕ್ಸಿಗೆ ಎಷ್ಟು ಮಿಲಿಓಮ್ ಅಂತ ಅಳೆಯೋಣ. ಮೀಟರ್ ಹೇಗೂ ಬೀರುವಿನಲ್ಲೇ ಇದೆ.