ಸಿನಿಮಾ ಇದ್ದರೆ ನಾಟಕ ಬೇಡವೇ?



ಶಾಲಾ ವಾರ್ಷಿಕೋತ್ಸವಕ್ಕೆ ಏನು ಮಾಡೋಣ ಅಂತ ನಮ್ಮ ತರಗತಿಯಲ್ಲಿ ಚರ್ಚೆ ಆಯ್ತು. ಕೆಲವರು “ನಾಟಕ ಕಲಿಯೋಕೆ ಟೈಮ್ ಇಲ್ಲ, ಕುರುಕ್ಷೇತ್ರ ಸಿನಿಮಾ ಹಾಕಿಸೋಣ” ಅಂದರು. ಅದಕ್ಕೇ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ.

ಸಿನಿಮಾ ಕೆಟ್ಟದ್ದು ಅಂತ ನಾನು ಹೇಳಲ್ಲ. ಹೋದ ವರ್ಷ ಪಕ್ಕದೂರಲ್ಲಿ ಕುರುಕ್ಷೇತ್ರ ನಾಟಕ ಆಡಿದರು. ಹತ್ತು ಗಂಟೆಗೇ ಅಮ್ಮಿ ನನ್ನನ್ನು ಮನೆಗೆ ಕರೆದುಕೊಂಡು ಬಂದರು. ಅಣ್ಣ ಮಾತ್ರ ಬೆಳಗಾಗುವ ತನಕ ನೋಡಿದ. ಹುಡುಗಿ ಅಂತ ನನಗೆ ಕರ್ಣನ ಸಾವು, ಗದಾಯುದ್ಧ ಎರಡೂ ತಪ್ಪಿದವು. ಆಮೇಲೆ 2019ರ ಕುರುಕ್ಷೇತ್ರ ಸಿನಿಮಾವನ್ನು ಟಿವಿಯಲ್ಲಿ ಹಗಲು ಹೊತ್ತೇ ಪೂರ್ತಿ ನೋಡಿದೆ. ಆ ಉಪಕಾರ ಸಿನಿಮಾದ್ದೇ.

ಆದರೆ ಸಿನಿಮಾಕ್ಕೂ ನಾಟಕವೇ ತಾಯಿ. ಬೇಡರ ಕಣ್ಣಪ್ಪ ಮೊದಲು ಗುಬ್ಬಿ ಕಂಪನಿಯ ನಾಟಕ. 1954ರಲ್ಲಿ ಅದು ಸಿನಿಮಾ ಆಯಿತು. ಡಾ. ರಾಜಕುಮಾರ್ ನಾಯಕರಾದ ಮೊದಲ ಸಿನಿಮಾ ಅದೇ. ಅವರೂ ನಾಟಕ ಕಂಪನಿಯಲ್ಲಿ ಕಲಿತವರೇ. ಸಿನಿಮಾದಲ್ಲಿ ಆನೆ, ಕುದುರೆ ಬರುತ್ತವೆ ಅನ್ನುತ್ತೀರಾ? ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರು!

ಹಳ್ಳಿ ನಾಟಕದಲ್ಲಿ ಪಾತ್ರ ಮಾಡುವವರು ತಾವೇ ದುಡ್ಡು ಹಾಕುತ್ತಾರೆ. ಹಗಲು ಹೊಲದಲ್ಲಿ ದುಡಿದು, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಹಾಡು ಕಲಿಯುತ್ತಾರೆ. ಜನ “ಒನ್ಸ್ ಮೋರ್” ಅಂದರೆ ಸತ್ತು ಬಿದ್ದವನೂ ಎದ್ದು ಮತ್ತೆ ಹಾಡುತ್ತಾನೆ. ಟಿವಿ ನಮ್ಮ ಮಾತು ಕೇಳುತ್ತದೆಯೇ?

ಇನ್ನೊಂದು ಮುಖ್ಯ ವಿಷಯ. ನಮ್ಮ ಮನೆಯಲ್ಲಿ ಉರ್ದು ಮಾತಾಡ್ತೀವಿ. ಎದ್ದು ನಿಂತು ಪಾಠ ಓದು ಅಂದರೆ ನನಗೆ ನಾಲಿಗೆ ತೊದಲುತ್ತದೆ, ಕೆಲವರು ನಗ್ತಾರೆ. ಮನೆಯಲ್ಲಿ ಯಾರೂ ಇಲ್ಲದಾಗ ಕರ್ಣನ ಮಾತು ಜೋರಾಗಿ ಹೇಳಿ ನೋಡಿದೆ. ಒಂದು ಸಲವೂ ತೊದಲಲಿಲ್ಲ. ಸಿನಿಮಾ ನೋಡಿದರೆ ಕಿವಿಗೆ ಕನ್ನಡ ಬರುತ್ತದೆ. ಬಾಯಿಗೆ ಬರಬೇಕಾದರೆ ನಾವೇ ಆಡಬೇಕು.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ. ಪೂರ್ತಿ ನಾಟಕ ಬೇಡ, ಕರ್ಣ-ಕುಂತಿ ಭೇಟಿಯ ಒಂದೇ ದೃಶ್ಯ ಸಾಕು. ಸಂಜೆ ಆರು ಗಂಟೆಗೇ ಶುರು ಮಾಡೋಣ, ಹುಡುಗಿಯರೂ ಅಮ್ಮಂದಿರೂ ಕೊನೆಯವರೆಗೆ ಕೂತು ನೋಡಲಿ. ಸಿನಿಮಾವನ್ನು ಇನ್ನೊಂದು ದಿನ ನೋಡೋಣ.

ಕರ್ಣನ ಪಾತ್ರ ಹುಡುಗರಿಗೇ ಅಂತ ಯಾರೂ ಹೇಳಬೇಡಿ. ಮಾತುಗಳನ್ನು ನಾನು ಆಗಲೇ ಬಾಯಿಪಾಠ ಮಾಡಿದ್ದೇನೆ.

– ಏಳನೇ ತರಗತಿಯ ವಿದ್ಯಾರ್ಥಿನಿ, ಅಲೀಪುರ