ನಗರದ ಕಸದಲ್ಲಿ ಬೆಟ್ಟದ ಸಾರ

ಮೈಸೂರಿನ ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ನಿರ್ಮಾಣಗೊಂಡದ್ದು. ಅಲ್ಲಿಯ ಪಾಚಿ ಬಿಸಿಲನ್ನು ಆಹಾರವಾಗಿಸುತ್ತದೆ. ಆ ಆಹಾರ ಹುಳುವಿಗೆ, ಮೀನಿಗೆ, ಕೊನೆಗೆ ಹೆಜ್ಜಾರ್ಲೆಗೆ ಸಲ್ಲುತ್ತದೆ. ಒಂದೊಂದು ಹಂತದಲ್ಲೂ ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಶಕ್ತಿ ಮಾತ್ರ ಮುಂದೆ ಸಾಗುತ್ತದೆ. ಶಾಖವಾಗಿ ಚದುರಿದ್ದು ಮರಳಿ ಬಾರದು. ಸಾರಜನಕ, ರಂಜಕಗಳು ಹಾಗಲ್ಲ. ಹಿಕ್ಕೆಯಾಗಿ, ಕೊಳೆತ ಎಲೆಯಾಗಿ ಮತ್ತೆ ಬೇರಿಗೆ ದೊರೆಯುತ್ತವೆ. ಮಲೆನಾಡಿನ ಕೃಷಿಕರು ದರಗನ್ನು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವುದು ಇದನ್ನು ಅರಿತೇ.

ನಗರವಾದರೋ ಈ ಚಕ್ರವನ್ನು ತುಂಡರಿಸಿದೆ. ಕೊಡಗಿನ ಕಿತ್ತಳೆ, ನಂಜನಗೂಡಿನ ಬಾಳೆಯೊಡನೆ ಮಣ್ಣಿನ ಸಾರವೂ ಮೈಸೂರಿಗೆ ಬರುತ್ತದೆ, ಹಿಂದಿರುಗುವುದಿಲ್ಲ. ಕೊಳಚೆಯೊಡನೆ ಕೆರೆ ಸೇರಿದ ರಂಜಕ ಪಾಚಿಯನ್ನು ಮಿತಿಮೀರಿ ಬೆಳೆಸುತ್ತದೆ. ಆ ಪಾಚಿ ಕೊಳೆಯುವಾಗ ನೀರಿನಲ್ಲಿ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಹಸಿ ಕಸವಂತೂ ವಿದ್ಯಾರಣ್ಯಪುರಂನ ಸೂಯೆಜ್ ಫಾರಂನಲ್ಲಿ ವರ್ಷಗಟ್ಟಲೆ ಪ್ಲಾಸ್ಟಿಕ್ಕಿನೊಡನೆ ಗುಡ್ಡೆಯಾಯಿತು. ಇತ್ತ ಹೊಲಗಳಿಗೆ ರಂಜಕ ಬಹುಮಟ್ಟಿಗೆ ವಿದೇಶದಿಂದ ಹಡಗೇರಿ ಬರುತ್ತಿದೆ!

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಗಳಿಸಿದ ನಗರವಿದು. ಆದರೆ ಬೀದಿ ಗುಡಿಸಿದ ಮಾತ್ರಕ್ಕೆ ಋಣ ತೀರದು. ಹಸಿ ಕಸವನ್ನು ಮನೆಯಲ್ಲೇ ಬೇರ್ಪಡಿಸಿ, ಗೊಬ್ಬರವಾಗಿಸಿ, ತರಕಾರಿ ತಂದ ಲಾರಿಗಳಲ್ಲೇ ಹಳ್ಳಿಗೆ ಮರಳಿಸುವ ಹೊಣೆಯನ್ನು ನಗರಾಡಳಿತ ಹೊರಬೇಕು. ಬೇರ್ಪಡಿಸುವುದೇ ಇಲ್ಲಿ ಮುಖ್ಯ. ಗಾಜಿನ ಚೂರು ಬೆರೆತ ಗೊಬ್ಬರವನ್ನು ಯಾವ ರೈತನೂ ಹೊಲಕ್ಕೆ ಸುರಿಯಲಾರ.