41 ಎಂದರೆ ಸೌತ್ ಡಕೋಟಾ

ಮದುವೆ ಮನೆಗೆ ತಂತಿ ಕಳಿಸುತ್ತಿದ್ದ ಕಾಲವನ್ನು ಮನೆಯ ಹಿರಿಯರು ಮರೆತಿರಲಾರರು. ತಂತಿ ಕಚೇರಿಯಲ್ಲಿ ಶುಭಾಶಯದ ವಾಕ್ಯಗಳ ಒಂದು ಪಟ್ಟಿ ಇರುತ್ತಿತ್ತು. ವಧೂವರರಿಗೆ ಹಾರೈಕೆ, ಹಬ್ಬದ ಶುಭಾಶಯ, ಪರೀಕ್ಷೆಯಲ್ಲಿ ಗೆದ್ದವರಿಗೆ ಅಭಿನಂದನೆ ಹೀಗೆ ಪ್ರತಿ ವಾಕ್ಯಕ್ಕೂ ಒಂದೊಂದು ಸಂಖ್ಯೆ. ಕಳಿಸುವವರು ಸಂಖ್ಯೆಯನ್ನು ಬರೆದುಕೊಟ್ಟರೆ ಸಾಕು, ತಂತಿಯ ಮೇಲೆ ಹೋಗುತ್ತಿದ್ದುದು ಅದೊಂದೇ. ಆಚೆ ಊರಿನ ಗುಮಾಸ್ತರು ತಮ್ಮಲ್ಲಿದ್ದ ಅದೇ ಪಟ್ಟಿಯನ್ನು ನೋಡಿ ಇಡೀ ವಾಕ್ಯವನ್ನು ಬರೆದು ಮದುವೆ ಮನೆಗೆ ತಲುಪಿಸುತ್ತಿದ್ದರು. ಹುಬ್ಬಳ್ಳಿಯ ಗುಮಾಸ್ತರಿಗೂ ಮಡಿಕೇರಿಯ ಗುಮಾಸ್ತರಿಗೂ ಮುಖಪರಿಚಯ ಇರಬೇಕಾಗಿರಲಿಲ್ಲ. ಇಬ್ಬರ ಬಳಿಯೂ ಒಂದೇ ಪಟ್ಟಿ ಇದ್ದರಾಯಿತು.

ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಆದರೆ ಅದರ ಹಿಂದಿದ್ದ ಉಪಾಯ ನಿಂತಿಲ್ಲ. ಒಬ್ಬರನ್ನೊಬ್ಬರು ಅರಿಯದ ಎರಡು ಕಂಪ್ಯೂಟರುಗಳು ಮಾತಾಡಿಕೊಳ್ಳುವುದು ಇಂದಿಗೂ ಹೆಚ್ಚುಕಡಿಮೆ ಹೀಗೆಯೇ. ಇಬ್ಬರೂ ಮೊದಲೇ ಒಪ್ಪಿಕೊಂಡ ಈ ಕಟ್ಟಳೆಗೆ ಪ್ರೊಟೊಕಾಲ್ ಎಂದು ಹೆಸರು.

ಕಟ್ಟಳೆ ಏಕೆ ಬೇಕು? ತಂತ್ರಾಂಶಗಳನ್ನು ಬರೆಯುವವರು ಬೇರೆ ಬೇರೆ, ಬರೆಯುವ ಭಾಷೆಗಳೂ ಬೇರೆ ಬೇರೆ. ಒಂದು ತಂತ್ರಾಂಶ 05-06 ಎಂದು ಬರೆದರೆ ಅದರ ಮನಸ್ಸಿನಲ್ಲಿರುವುದು ಜೂನ್ ಐದು. ಅಮೆರಿಕದಲ್ಲಿ ತಯಾರಾದ ಇನ್ನೊಂದು ಅದನ್ನು ಮೇ ಆರು ಎಂದು ಓದೀತು. ಮನುಷ್ಯರಾದರೆ ‘ಯಾವ ತಿಂಗಳು ಸ್ವಾಮಿ?’ ಎಂದು ಕೇಳಿ ತಿಳಿದುಕೊಳ್ಳುತ್ತಾರೆ. ಯಂತ್ರಕ್ಕೆ ಆ ಸಂಶಯವೇ ಬಾರದು. ತಪ್ಪನ್ನೂ ಅದು ಅಷ್ಟೇ ನಿಷ್ಠೆಯಿಂದ ಮಾಡುತ್ತದೆ.

ಒಂದೇ ಸಾಲಿನ ಆರಂಭ

ಈ ಕಥೆಯ ಮೊದಲ ಅಧ್ಯಾಯ ಸ್ವಿಟ್ಸರ್‌ಲೆಂಡಿನ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ನಡೆಯಿತು. ಅಲ್ಲಿಗೆ ನಾನಾ ದೇಶಗಳಿಂದ ಬರುತ್ತಿದ್ದ ವಿಜ್ಞಾನಿಗಳ ಕಂಪ್ಯೂಟರುಗಳು ಒಂದೊಂದು ಬಗೆಯವು. ಒಂದರಲ್ಲಿದ್ದ ಕಡತ ಇನ್ನೊಂದಕ್ಕೆ ಸುಲಭವಾಗಿ ದಕ್ಕುತ್ತಿರಲಿಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಇದಕ್ಕೊಂದು ಪರಿಹಾರ ಸೂಚಿಸಿದರು. ಅದೇ ಮುಂದೆ ವರ್ಲ್ಡ್ ವೈಡ್ ವೆಬ್ ಎನಿಸಿಕೊಂಡಿತು.

ಅದರ ಮೊದಲ ಪ್ರೊಟೊಕಾಲ್ ಎಷ್ಟು ಸರಳವಾಗಿತ್ತೆಂದರೆ, ಕೇಳುವ ಯಂತ್ರ ಕಳಿಸುತ್ತಿದ್ದುದು ಒಂದೇ ಸಾಲು: ‘ಗೆಟ್’ ಎಂಬ ಪದ, ಅದರ ಮುಂದೆ ಬೇಕಾದ ಕಡತದ ವಿಳಾಸ. ಉತ್ತರಿಸುವ ಯಂತ್ರ ಆ ಕಡತವನ್ನು ಕಳಿಸಿ ಸಂಪರ್ಕ ಕಡಿದುಕೊಳ್ಳುತ್ತಿತ್ತು. ಅಲ್ಲಿಗೆ ಮಾತು ಮುಗಿಯಿತು. ಇದೇ ಎಚ್‌ಟಿಟಿಪಿಯ ಮೊದಲ ರೂಪ. ವೆಬ್ ವಿಳಾಸಗಳ ಮುಂದೆ ನಾವು ದಿನವೂ ಕಾಣುವ ಅಕ್ಷರಗಳು ಇದರವೇ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ವೆಬ್‌ನ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು.

ಆದರೆ ಅಂದಿನ ವೆಬ್ ಮನುಷ್ಯರು ಪುಟ ಓದುವುದಕ್ಕಾಗಿ ಇದ್ದದ್ದು. ಒಂದು ತಂತ್ರಾಂಶ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳಬೇಕೆಂದರೆ ಬೇರೆ ದಾರಿಗಳಿದ್ದವು. 1991ರಲ್ಲಿ ಬಂದ ಕೋರ್ಬಾ, 1996ರಲ್ಲಿ ಮೈಕ್ರೋಸಾಫ್ಟ್ ತಂದ ಡಿಕಾಂ ಅಂಥವು. ಎರಡೂ ಸಮರ್ಥವೇ. ಆದರೆ ನಿಯಮಗಳು ದಪ್ಪ ಪುಸ್ತಕದಷ್ಟು, ಕಲಿಯಲು ತಿಂಗಳುಗಳು. ಜೊತೆಗೆ ಸಂಸ್ಥೆಗಳ ಜಾಲದ ಬಾಗಿಲಲ್ಲಿ ನಿಂತ ಕಾವಲು ತಂತ್ರಾಂಶಗಳು ಇವನ್ನು ಸಾಮಾನ್ಯವಾಗಿ ಒಳಗೆ ಬಿಡುತ್ತಿರಲಿಲ್ಲ.

ಒಂದು ಪ್ರಶ್ನೆ, ಒಂದು ಉತ್ತರ

1998ರಲ್ಲಿ ಅಮೆರಿಕದ ಯೂಸರ್‌ಲ್ಯಾಂಡ್ ಎಂಬ ಸಣ್ಣ ಕಂಪನಿಯ ಡೇವ್ ವೈನರ್, ಮೈಕ್ರೋಸಾಫ್ಟಿನ ಕೆಲವರ ಜೊತೆ ಸೇರಿ ಆಲೋಚಿಸಿದ ಕ್ರಮವೇ ಬೇರೆ. ದಾರಿ ಈಗಾಗಲೇ ಇದೆ, ಎಚ್‌ಟಿಟಿಪಿ. ವಿಷಯಕ್ಕೆ ಹೆಸರಿನ ಚೀಟಿ ಅಂಟಿಸಿ ಬರೆಯುವ ಕ್ರಮವೂ ಇದೆ, ಅದೇ ವರ್ಷದ ಫೆಬ್ರುವರಿಯಲ್ಲಿ ಅಂಗೀಕಾರವಾಗಿದ್ದ ಎಕ್ಸ್‌ಎಂಎಲ್. ಎರಡನ್ನೂ ಜೋಡಿಸಿದರೆ ಆಗದೇ? ಹಾಗೆ ಹುಟ್ಟಿದ್ದು ಎಕ್ಸ್‌ಎಂಎಲ್-ಆರ್‌ಪಿಸಿ.

ಅದರ ನಿಯಮಗಳು ಕೆಲವೇ ಪುಟಗಳಲ್ಲಿ ಮುಗಿಯುತ್ತವೆ. ಅಲ್ಲಿ ಕೊಟ್ಟಿರುವ ಉದಾಹರಣೆಯನ್ನೇ ನೋಡಬಹುದು. ಒಂದು ಯಂತ್ರ ಇನ್ನೊಂದಕ್ಕೆ ‘ರಾಜ್ಯದ ಹೆಸರು ಹೇಳು’ ಎಂಬ ಕೆಲಸದ ಹೆಸರನ್ನೂ 41 ಎಂಬ ಸಂಖ್ಯೆಯನ್ನೂ ಕಳಿಸುತ್ತದೆ. ಉತ್ತರ ಬರುತ್ತದೆ: ಸೌತ್ ಡಕೋಟಾ. ಅಮೆರಿಕದ ಐವತ್ತು ರಾಜ್ಯಗಳನ್ನು ಅಕಾರಾದಿಯಾಗಿ ಬರೆದರೆ ನಲವತ್ತೊಂದನೆಯದು ಅದೇ. ತಂತಿ ಕಚೇರಿಯ ಪಟ್ಟಿಯ ತದ್ರೂಪ! ಕೇಳಿದ ತಂತ್ರಾಂಶ ವಿಂಡೋಸ್ ಯಂತ್ರದಲ್ಲಿರಬಹುದು, ಉತ್ತರಿಸಿದ್ದು ಯೂನಿಕ್ಸಿನಲ್ಲಿರಬಹುದು. ಒಂದಕ್ಕೆ ಇನ್ನೊಂದರ ಕುಲಗೋತ್ರ ಬೇಕಿಲ್ಲ. ಕೇಳಿದ್ದನ್ನು ಕೊಡಲಾಗದಿದ್ದರೆ ಹೇಗೆ ನಿರಾಕರಿಸಬೇಕು ಎಂಬುದೂ ನಿಯಮದಲ್ಲಿದೆ. ದೋಷದ ಸಂಖ್ಯೆ ಒಂದು, ಕಾರಣ ತಿಳಿಸುವ ವಾಕ್ಯ ಒಂದು. ವೆಬ್‌ನ ದಾರಿಯಲ್ಲೇ ಹೋಗುವುದರಿಂದ ಕಾವಲು ತಂತ್ರಾಂಶಗಳೂ ತಡೆಯುವುದಿಲ್ಲ. ಇದರಿಂದ ಕಾವಲುಗಾರನ ಕಣ್ಣು ತಪ್ಪಿಸಿದಂತಾಯಿತು ಎಂಬ ಆಕ್ಷೇಪವೂ ಇತ್ತೆನ್ನಿ.

ಇಲ್ಲೊಂದು ಸೂಕ್ಷ್ಮವಿದೆ. ಕಟ್ಟಳೆ ಚಿಕ್ಕದಾದಷ್ಟೂ ಕಲಿಯುವುದು ಸುಲಭ. ಆದರೆ ಕಟ್ಟಳೆಯಲ್ಲಿ ಯಾವುದಕ್ಕೆ ಜಾಗವಿಲ್ಲವೋ ಅದು ಸಂಭಾಷಣೆಯಿಂದಲೇ ಹೊರಗುಳಿಯುತ್ತದೆ. ಎಕ್ಸ್‌ಎಂಎಲ್-ಆರ್‌ಪಿಸಿಯಲ್ಲಿ ಪೂರ್ಣಾಂಕಕ್ಕೆ ಇಟ್ಟಿದ್ದ ಡಬ್ಬಿಯಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಅಂದರೆ ಸುಮಾರು 214 ಕೋಟಿ. ಭಾರತದ ಜನಸಂಖ್ಯೆ ಅದರಲ್ಲಿ ಹಿಡಿಸುತ್ತದೆ, ಜಗತ್ತಿನದು ಹಿಡಿಸದು. 2024-25ರಲ್ಲಿ 3.7 ಲಕ್ಷ ಕೋಟಿ ರೂಪಾಯಿ ದಾಟಿದ ಕರ್ನಾಟಕದ ಮುಂಗಡಪತ್ರದ ಮೊತ್ತವಂತೂ ಆ ಡಬ್ಬಿಯ ಬಳಿಗೂ ಸುಳಿಯಲಾರದು.

ಕನ್ನಡಕ್ಕೆ ಬಾಗಿಲು

ಸಂಖ್ಯೆಗಿಂತ ಹತ್ತಿರದ ವಿಷಯ ಅಕ್ಷರದ್ದು. 1998ರ ಆ ನಿಯಮಗಳಲ್ಲಿ ಪಠ್ಯ ಎಂದರೆ ‘ಆಸ್ಕಿ’ ಪಠ್ಯ ಎಂದು ಬರೆದಿತ್ತು. ಆಸ್ಕಿ ಎಂಬುದು 1963ರಲ್ಲಿ ಅಮೆರಿಕದಲ್ಲಿ ಗೊತ್ತುಮಾಡಿದ ಸಂಕೇತಗಳ ಪಟ್ಟಿ. ಅದರಲ್ಲಿರುವುದು 128 ಮನೆಗಳು. ಇಂಗ್ಲಿಷ್ ಅಕ್ಷರ, ಅಂಕಿ, ವಿರಾಮಚಿಹ್ನೆಗಳಿಗೇ ಅವು ಮುಗಿದುಹೋಗುತ್ತವೆ. ನಿಯಮವನ್ನು ಅಕ್ಷರಶಃ ಪಾಲಿಸಿದರೆ ‘ಮಂಡ್ಯ’ ಎಂಬ ಪದವನ್ನು ಕನ್ನಡದಲ್ಲಿ ಕಳಿಸುವಂತೆಯೇ ಇಲ್ಲ.

ಅದೇ ಕಾಲದಲ್ಲಿ ಕನ್ನಡದೊಳಗೂ ಇಂಥದೇ ತೊಡಕಿತ್ತು. ಒಂದೊಂದು ಕನ್ನಡ ತಂತ್ರಾಂಶವೂ ತನ್ನದೇ ಸಂಕೇತ ಪಟ್ಟಿ ಇಟ್ಟುಕೊಂಡಿತ್ತು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ನಡೆಸಬೇಕಾಗಿತ್ತು. ಒಂದರಲ್ಲಿ ಬೆರಳಚ್ಚು ಮಾಡಿದ ಪತ್ರವನ್ನು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತಿತ್ತು. ಕನ್ನಡ ಬಲ್ಲ ಎರಡು ತಂತ್ರಾಂಶಗಳು ಪರಸ್ಪರ ಕನ್ನಡದಲ್ಲಿ ಮಾತಾಡಲಾಗದಂಥ ವಿಚಿತ್ರ ಸ್ಥಿತಿ.

ಇದಕ್ಕೆ ಮದ್ದು ಆಗಲೇ ತಯಾರಾಗಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಮಾಡುವ ಯೂನಿಕೋಡ್ ಯೋಜನೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ಸಿಕ್ಕಿತ್ತು. ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ಎಂಬ ಬರವಣಿಗೆಯ ಕ್ರಮ ರೂಪಿಸಿದರು. ಅದರಲ್ಲಿ ಆಸ್ಕಿಯ ಅಕ್ಷರಕ್ಕೆ ಒಂದು ಬೈಟ್ ಸಾಕು, ‘ಕ’ ಎಂಬ ಅಕ್ಷರಕ್ಕೆ ಮೂರು ಬೈಟ್ ಬೇಕು. ಹಳೆಯ ಆಸ್ಕಿ ಪಠ್ಯವನ್ನು ಕೆಡಿಸದೆ ಹೊಸ ಲಿಪಿಗಳಿಗೆ ಜಾಗ ಮಾಡಿಕೊಟ್ಟದ್ದು ಅದರ ಜಾಣ್ಮೆ. ಎಕ್ಸ್‌ಎಂಎಲ್ ಕೂಡ ಯೂನಿಕೋಡನ್ನೇ ಆಧರಿಸಿತ್ತು. ಹೀಗಿದ್ದೂ ಎಕ್ಸ್‌ಎಂಎಲ್-ಆರ್‌ಪಿಸಿಯ ನಿಯಮದಿಂದ ‘ಆಸ್ಕಿ’ ಎಂಬ ಪದವನ್ನು ತೆಗೆದುಹಾಕಿದ್ದು 2003ರ ಜೂನ್ 30ರಂದು. ಹೊಡೆದುಹಾಕಿದ್ದು ಒಂದೇ ಪದ. ಆದರೆ ಕನ್ನಡವೂ ಸೇರಿದಂತೆ ಎಷ್ಟೋ ಭಾಷೆಗಳಿಗೆ ನಿಯಮದ ಪ್ರಕಾರವೇ ಬಾಗಿಲು ತೆರೆಯಿತು.

ಹೆಸರಿನಲ್ಲಷ್ಟೇ ಸರಳ

ಸರಳತೆಯನ್ನು ಉಳಿಸಿಕೊಳ್ಳುವುದು ಕಷ್ಟ ಎಂಬುದಕ್ಕೂ ಇಲ್ಲಿ ನಿದರ್ಶನವಿದೆ. ಎಕ್ಸ್‌ಎಂಎಲ್-ಆರ್‌ಪಿಸಿಯ ಜೊತೆಯಲ್ಲೇ ಬೆಳೆದ ಸೋಪ್ ಎಂಬ ಪ್ರೊಟೊಕಾಲಿನ ಮೊದಲ ಅಕ್ಷರ ‘ಸರಳ’ ಎಂಬ ಅರ್ಥದ ಇಂಗ್ಲಿಷ್ ಪದದ್ದು. ದೊಡ್ಡ ಕಂಪನಿಗಳು ತಮ್ಮ ತಮ್ಮ ಅಗತ್ಯಗಳನ್ನು ಒಂದೊಂದಾಗಿ ಸೇರಿಸುತ್ತ ಹೋದವು. ಭದ್ರತೆಗೊಂದು, ವಿಳಾಸಕ್ಕೊಂದು, ನಂಬಿಕೆಗೊಂದು ಉಪನಿಯಮ. 2003ರ ಆವೃತ್ತಿ ಬರುವ ವೇಳೆಗೆ ‘ಸೋಪ್ ಎಂಬುದು ಇನ್ನು ಮುಂದೆ ಬರಿಯ ಹೆಸರು, ಅದಕ್ಕೆ ವಿಸ್ತೃತ ರೂಪವಿಲ್ಲ’ ಎಂದಾಯಿತು! ಸರಳ ಎಂಬ ಮಾತು ಹೆಸರಿನಿಂದಲೂ ಜಾರಿಹೋಯಿತು.

ಲೋಕ ಮತ್ತೆ ಸರಳದ ಕಡೆಗೇ ಹೊರಳಿತು. 2000ದಲ್ಲಿ ರಾಯ್ ಫೀಲ್ಡಿಂಗ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ವೆಬ್‌ನ ಮೂಲಗುಣಗಳನ್ನೇ ಬಿಡಿಸಿ ತೋರಿಸಿ ಅದಕ್ಕೆ ‘ರೆಸ್ಟ್’ ಎಂದು ಹೆಸರಿಟ್ಟರು. 2001ರ ವೇಳೆಗೆ ಡಗ್ಲಾಸ್ ಕ್ರಾಕ್‌ಫೋರ್ಡ್ ಜೇಸನ್ ಎಂಬ ಹಗುರವಾದ ಬರವಣಿಗೆಯ ಕ್ರಮವನ್ನು ಬಳಕೆಗೆ ತಂದರು. ಇಂದು ಮೊಬೈಲ್ ಆ್ಯಪ್‌ಗಳು ಬಹುಪಾಲು ಮಾತಾಡುವುದು ಇವುಗಳ ಮೂಲಕವೇ. ಬೇರೆ ಬೇರೆ ವ್ಯವಸ್ಥೆಗಳ ನಡುವೆ ಹೋಗುವ ಜೇಸನ್ ಪಠ್ಯ ಯುಟಿಎಫ್-8ರಲ್ಲಿಯೇ ಇರಬೇಕೆಂದು 2017ರ ನಿಯಮ ಹೇಳುತ್ತದೆ. ಈಗ ಕನ್ನಡ ಹೊರಗಿನದಲ್ಲ, ನಿಯಮದೊಳಗಿನದು.

ನಮ್ಮ ದೇಶದ ಉದಾಹರಣೆಯೂ ಉಂಟು. 2016ರಲ್ಲಿ ಬಂದ ಯುಪಿಐ. ಒಂದು ಬ್ಯಾಂಕಿನ ಲೆಕ್ಕ ನೋಡಿಕೊಳ್ಳುವುದು ಬೆಂಗಳೂರಿನ ಇನ್ಫೋಸಿಸ್ ಸಮೂಹದ ಫಿನಾಕಲ್ ಇರಬಹುದು, ಇನ್ನೊಂದರದು ಟಿಸಿಎಸ್‌ನ ಬ್ಯಾಂಕ್ಸ್ ಇರಬಹುದು. ಸೊಪ್ಪಿನ ಗಾಡಿಯ ಮುಂದೆ ನಿಂತು ಇಪ್ಪತ್ತು ರೂಪಾಯಿ ಕೊಡುವವರಿಗೆ ಇದಾವುದೂ ತಿಳಿದಿರಬೇಕಿಲ್ಲ. ಯಾರಿಂದ, ಯಾರಿಗೆ, ಎಷ್ಟು ಎಂಬುದನ್ನು ಯಾವ ನಮೂನೆಯಲ್ಲಿ ಬರೆಯಬೇಕೆಂದು ರಾಷ್ಟ್ರೀಯ ಪಾವತಿ ನಿಗಮ ಗೊತ್ತುಮಾಡಿದೆ. ಸಂದೇಶ ಎಕ್ಸ್‌ಎಂಎಲ್‌ನಲ್ಲಿ, ಹೋಗುವುದು ಎಚ್‌ಟಿಟಿಪಿಯ ಗುಪ್ತಲಿಪಿ ರೂಪದಲ್ಲಿ. ಹಣದ ವಿಷಯವಾದ್ದರಿಂದ ಸಹಿ, ಬೀಗಮುದ್ರೆಗಳ ನಿಯಮಗಳೂ ಜೊತೆಗಿವೆ. ಎಕ್ಸ್‌ಎಂಎಲ್-ಆರ್‌ಪಿಸಿಯಂಥ ಕಟ್ಟಳೆ ‘ಕೇಳುತ್ತಿರುವವರು ಯಾರು’ ಎಂದು ತಾನಾಗಿ ವಿಚಾರಿಸುವುದಿಲ್ಲ. ಆ ಎಚ್ಚರವನ್ನು ಬಳಸುವವರೇ ಸೇರಿಸಿಕೊಳ್ಳಬೇಕು.

ಇಬ್ಬರು ವಿದ್ಯಾರ್ಥಿಗಳ ಪ್ರಯೋಗ

ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದು ಮೇಲು. ನಿಯಮಗಳು ಬಹಿರಂಗವಾಗಿರುವುದರಿಂದ ಯಾರನ್ನೂ ಅನುಮತಿ ಕೇಳಬೇಕಿಲ್ಲ. ಪೈಥಾನ್ ಭಾಷೆಯ ಜೊತೆಗೇ ಎಕ್ಸ್‌ಎಂಎಲ್-ಆರ್‌ಪಿಸಿಯ ಸಲಕರಣೆ ಬರುತ್ತದೆ. ಕಾಲೇಜಿನ ಪ್ರಯೋಗಾಲಯದ ಒಳಜಾಲದಲ್ಲಿ, ಹೊರಗಿನವರಿಗೆ ತೆರೆಯದಂತೆ, ಎರಡು ಕಂಪ್ಯೂಟರುಗಳಲ್ಲಿ ಇಬ್ಬರು ಕುಳಿತುಕೊಳ್ಳಲಿ. ಒಬ್ಬರ ತಂತ್ರಾಂಶ ಕರ್ನಾಟಕದ 31 ಜಿಲ್ಲೆಗಳ ಹೆಸರನ್ನು ಕನ್ನಡದಲ್ಲಿ ಇಟ್ಟುಕೊಂಡು ಸಂಖ್ಯೆ ಕೊಟ್ಟರೆ ಜಿಲ್ಲೆ ಹೇಳಬೇಕು. ಇನ್ನೊಬ್ಬರದು ಕೇಳಬೇಕು. ಇಬ್ಬರದೂ ಸೇರಿ ಹದಿನೈದು ಇಪ್ಪತ್ತು ಸಾಲು ಮೀರಲಾರದು. ಒಂದು ಷರತ್ತು: ಬರೆಯುವ ಮೊದಲು ಇಬ್ಬರೂ ಮಾತಾಡಿಕೊಳ್ಳಬಾರದು.

ಈಗ 1 ಎಂದು ಕೇಳಿ. ಕನ್ನಡದ ಅಕಾರಾದಿಯಲ್ಲಿ ಮೊದಲು ಬರುವುದು ಉಡುಪಿ. ಇಂಗ್ಲಿಷಿನ ಕ್ರಮದಲ್ಲಿ ಜೋಡಿಸಿದ್ದರೆ ಬಾಗಲಕೋಟೆ. ಪೈಥಾನಿನ ಪಟ್ಟಿ ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವುದರಿಂದ, ಅದನ್ನು ಮರೆತಿದ್ದರೆ ಕನ್ನಡದ ಪಟ್ಟಿಯೂ ಉತ್ತರ ಕನ್ನಡ ಎಂದೀತು. ಋಣ 1 ಎಂದು ಕೇಳಿದರೆ ಸುಮ್ಮನೆ ಕೊನೆಯ ಹಾಸನವನ್ನು ಕೊಟ್ಟುಬಿಟ್ಟೀತು. ಯಾವ ಯಂತ್ರವೂ ಕೆಟ್ಟಿಲ್ಲ, ಯಾವ ಸಂದೇಶವೂ ದಾರಿಯಲ್ಲಿ ಕಳೆದುಹೋಗಿಲ್ಲ. ಸಂಖ್ಯೆಯನ್ನು ಆಚೆ ದಡಕ್ಕೆ ಜೋಪಾನವಾಗಿ ಮುಟ್ಟಿಸುವುದಷ್ಟೇ ಪ್ರೊಟೊಕಾಲಿನ ಕೆಲಸ. ಆ ಸಂಖ್ಯೆಗೆ ಅರ್ಥವೇನು ಎಂಬುದನ್ನು ಇಬ್ಬರು ಮನುಷ್ಯರು ಕುಳಿತು, ಮಾತಾಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಆ ಕಾಗದವನ್ನು ಬರೆದ ಮೇಲೆ 32 ಎಂದು ಕೇಳಿ ನೋಡಲಿ. ಇಲ್ಲದ ಜಿಲ್ಲೆಯ ಬಗ್ಗೆ ಯಂತ್ರ ಏನು ಹೇಳಬೇಕು ಎಂಬುದನ್ನು ತೀರ್ಮಾನಿಸಬೇಕಾದವರೂ ಅವರಿಬ್ಬರೇ.